ಮಕ್ಕಳಲ್ಲಿ ಮೆಟಬಾಲಿಕ್ ಸಿಂಡ್ರೋಮ್: ತೂಕದ ಮಷೀನ್ ಹೇಳದ ಸಂಗತಿಗಳನ್ನು ಎಲ್ಲಿ ಹುಡುಕಬೇಕು?

"ನಮ್ಮ ಹುಡುಗ ದಪ್ಪಗಿಲ್ಲ ಬಿಡಿ, ಅವನಿಗೆಲ್ಲಿಂದ ಬಿಪಿ, ಶುಗರ್ರು?" ಈ ಮಾತನ್ನು ಮೊದಲು ಪಕ್ಕಕ್ಕಿಡಬೇಕು. 2016–18ರಲ್ಲಿ ಕೇಂದ್ರ ಸರ್ಕಾರ ದೇಶದ ಮಕ್ಕಳ ಪೋಷಣೆಯ ಬಗ್ಗೆ ದೊಡ್ಡ ಸಮೀಕ್ಷೆ ಮಾಡಿಸಿತು. ರಕ್ತ ಪರೀಕ್ಷೆಯೂ ಅದರಲ್ಲಿ ಸೇರಿತ್ತು. 10ರಿಂದ 19 ವರ್ಷದವರಲ್ಲಿ ತೂಕ ಜಾಸ್ತಿ ಇದ್ದವರು ಸುಮಾರು ಶೇ 5. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದವರು ಸುಮಾರು ಶೇ 10. ಇನ್ನು 5ರಿಂದ 9 ವರ್ಷದ ಮಕ್ಕಳಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ರಕ್ತದಲ್ಲಿ ಜಾಸ್ತಿ ಇದ್ದವರು ಶೇ 34. ದಪ್ಪ ಇರುವ ಮಕ್ಕಳ ಲೆಕ್ಕಕ್ಕೂ ರಕ್ತ ಕೆಟ್ಟಿರುವ ಮಕ್ಕಳ ಲೆಕ್ಕಕ್ಕೂ ತಾಳೆಯೇ ಆಗುತ್ತಿಲ್ಲ, ಅಲ್ವಾ?

ಹಾಗಾದರೆ ಏನನ್ನು ನೋಡಬೇಕು? ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮಗುವಿನ ವಯಸ್ಸು ಎಷ್ಟೇ ಇರಲಿ, ಮೊದಲ ಹಂತದಿಂದಲೇ ಓದಿ. ಈ ತೊಂದರೆ ಒಂದು ದಿನದಲ್ಲಿ ಬರುವಂಥದ್ದಲ್ಲ, ಹತ್ತು ಹದಿನೈದು ವರ್ಷ ನಿಧಾನವಾಗಿ ಕಟ್ಟಿಕೊಳ್ಳುವಂಥದ್ದು.

ಮೊದಲು, ಇದೇನು ಅಂತ

ಮೆಟಬಾಲಿಕ್ ಸಿಂಡ್ರೋಮ್ ಅಂದರೆ ಒಂದೇ ಕಾಯಿಲೆ ಅಲ್ಲ. ಹೊಟ್ಟೆಯ ಸುತ್ತ ಕೊಬ್ಬು, ಟ್ರೈಗ್ಲಿಸರೈಡ್ ಜಾಸ್ತಿ, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಕಡಿಮೆ, ಬಿಪಿ ಜಾಸ್ತಿ, ಶುಗರ್ ಜಾಸ್ತಿ – ಈ ಐದರಲ್ಲಿ ಕೆಲವು ಒಟ್ಟಿಗೆ ಸೇರಿಕೊಳ್ಳುವುದು. ಇವೆಲ್ಲದರ ಬೇರು ಹೆಚ್ಚುಕಡಿಮೆ ಒಂದೇ: ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಅನ್ನೋ ಹಾರ್ಮೋನಿನ ಮಾತನ್ನು ದೇಹ ಸರಿಯಾಗಿ ಕೇಳದೆ ಇರುವುದು.

ಒಳಗೆ ನಡೆಯುವುದು ಹೀಗೆ. ತಿಂದದ್ದರಲ್ಲಿ ಉಳಿದದ್ದು ಮೊದಲು ಚರ್ಮದ ಕೆಳಗಿನ ಕೊಬ್ಬಿನಲ್ಲಿ ಸೇರುತ್ತದೆ. ಅಲ್ಲಿರುವಷ್ಟು ದಿನ ದೊಡ್ಡ ತೊಂದರೆ ಇಲ್ಲ. ಅಟ್ಟ ತುಂಬಿದ ಮೇಲೆ ಮೂಟೆಗಳನ್ನು ನಡುಮನೆಯಲ್ಲಿ ಪೇರಿಸುತ್ತೇವಲ್ಲ, ಹಾಗೆ ಆ ಜಾಗ ತುಂಬಿದ ಮೇಲೆ ಕೊಬ್ಬು ಲಿವರ್, ಸ್ನಾಯು, ಕರುಳಿನ ಸುತ್ತ ಹೋಗಿ ಕೂರುತ್ತದೆ. ಆಗ ಇನ್ಸುಲಿನ್ ಕೆಲಸ ಕೆಡುತ್ತದೆ. ಮೇದೋಜೀರಕ ಗ್ರಂಥಿ ಸುಮ್ಮನಿರುವುದಿಲ್ಲ, ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸಿ ಶುಗರ್ ಅನ್ನು ಹತೋಟಿಯಲ್ಲಿ ಇಡುತ್ತದೆ. ಈ ಜಾಸ್ತಿ ಇನ್ಸುಲಿನ್‌ನಿಂದಾಗಿ ಲಿವರ್ ಇನ್ನಷ್ಟು ಟ್ರೈಗ್ಲಿಸರೈಡ್ ತಯಾರಿಸುತ್ತದೆ, ಎಚ್‌ಡಿಎಲ್ ಇಳಿಯುತ್ತದೆ, ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಪಿ ಏರುತ್ತದೆ. ಗ್ರಂಥಿ ಸುಸ್ತಾಗಿ ಕೈಚೆಲ್ಲಿದಾಗಲೇ ಶುಗರ್ ಏರುವುದು.

ಸಾಮಾನ್ಯವಾಗಿ ಶುಗರ್ ಏರುವುದು ಕೊನೆಗೆ. "ಶುಗರ್ ಟೆಸ್ಟ್ ಮಾಡಿಸಿದ್ವಿ, ನಾರ್ಮಲ್ ಬಂತು" ಅಂತ ನಿರಾಳವಾಗುವವರು ಈ ಮಾತನ್ನು ಇನ್ನೊಮ್ಮೆ ಓದಿ.

ಹಂತ 1: ಹಳೆಯ ತಾಯಿ ಕಾರ್ಡ್ ಹುಡುಕಿ ತೆಗೆಯಿರಿ

ಬೀರುವಿನ ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಎರಡು ವಿಷಯ ನೋಡಿ: ಮಗು ಹುಟ್ಟಿದಾಗ ಎಷ್ಟು ತೂಕ ಇತ್ತು, ಬಸುರಿಯಾಗಿದ್ದಾಗ ತಾಯಿಗೆ ಶುಗರ್ ಬಂದಿತ್ತಾ.

ಹುಟ್ಟಿದ ತೂಕಕ್ಕೂ ನಡುವಯಸ್ಸಿನ ಹೃದಯಕ್ಕೂ ಏನು ಸಂಬಂಧ ಅನ್ನಿಸಬಹುದು. ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಮೈಸೂರಿನಲ್ಲೇ ಇದೆ. ಊರವರು ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕೆ.ಜಿ. ದಾಟಿ ಚೆನ್ನಾಗಿ ತೂಗಿದವರಲ್ಲಿ ಶೇ 3 ಮಾತ್ರ. 1996ರಲ್ಲಿ ಪ್ರಕಟವಾದ ಲೆಕ್ಕ ಇದು. ಗಿಡ್ಡ, ದುಂಡು ಮೈಯಲ್ಲಿ ಹುಟ್ಟಿದ ಮಕ್ಕಳಿಗೆ ಮುಂದೆ ಸಕ್ಕರೆ ಕಾಯಿಲೆ ಜಾಸ್ತಿ ಅನ್ನುವುದೂ ಇದೇ ದಾಖಲೆಗಳಿಂದ ಗೊತ್ತಾಯಿತು. ಎರಡೂ ತುದಿಯಲ್ಲಿ ಅಪಾಯ ಇದೆ.

1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರನ್ನು ಪರೀಕ್ಷಿಸಿ, ಅವರ ಮಕ್ಕಳು ಬೆಳೆಯುವುದನ್ನು ಗಮನಿಸುತ್ತಾ ಹೋದರು. ಬಸುರಿಯಲ್ಲಿ ಶುಗರ್ ಇದ್ದ ತಾಯಂದಿರ ಹೆಣ್ಣು ಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬು, ಇನ್ಸುಲಿನ್ ಎರಡೂ ಜಾಸ್ತಿ ಕಂಡವು. ಐದು ವರ್ಷ! ಇನ್ನೂ ಯುಕೆಜಿ ಮುಗಿಸುವ ವಯಸ್ಸು.

ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಇನ್ನೊಂದು ವಿಷಯ ತೋರಿಸಿತು. ಅಲ್ಲಿನ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳು ಸರಾಸರಿ 2.7 ಕೆ.ಜಿ. ಇದ್ದರೆ ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳು 3.5 ಕೆ.ಜಿ. ನಮ್ಮ ಮಕ್ಕಳಿಗೆ ಸ್ನಾಯು ಕಡಿಮೆ, ಅಂಗಾಂಗಗಳೂ ಸಣ್ಣವು. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆ ಇಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. "ದಪ್ಪಗಿಲ್ಲ ಬಿಡಿ" ಅನ್ನುವ ಮಾತು ನಮ್ಮ ದೇಶದಲ್ಲಿ ಯಾಕೆ ನಡೆಯುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಮುಂದೆ ಮಗು ಬೇಕು ಅಂದುಕೊಂಡಿರುವವರಿಗೆ ಇಲ್ಲೇ ಒಂದು ಕೆಲಸ ಇದೆ. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮಾಡುವ ಶುಗರ್ ಟೆಸ್ಟ್ ಅನ್ನು ಬಸುರಿಯ ಮೊದಲ ಭೇಟಿಯಲ್ಲಿ ಒಮ್ಮೆ, 24–28 ವಾರದ ನಡುವೆ ಇನ್ನೊಮ್ಮೆ ತಪ್ಪದೆ ಮಾಡಿಸಿ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ್ ಹೇಳಿದ ಹಾಗೆ ಕೇಳಿ. ಮನೆಯಲ್ಲಿ ಮಾಂಸ, ಮೊಟ್ಟೆ ತಿನ್ನದವರು ವಿಟಮಿನ್ ಬಿ12 ಕೂಡ ಪರೀಕ್ಷಿಸಿಕೊಳ್ಳಿ. ಫೋಲಿಕ್ ಮಾತ್ರೆ ತಗೊಂಡು ಬಿ12 ಕೊರತೆ ಹಾಗೇ ಉಳಿದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ತೊಂದರೆ ಜಾಸ್ತಿ ಕಂಡದ್ದು ಪುಣೆಯಲ್ಲೇ. ಹಾಗಂತ ಫೋಲಿಕ್ ಮಾತ್ರೆ ನಿಲ್ಲಿಸಬೇಡಿ. ಅದು ಬೇಕೇ ಬೇಕು, ಜೊತೆಗೆ ಬಿ12 ಕೂಡ ಬೇಕು.

ಹಂತ 2: ಎರಡರಿಂದ ಎಂಟು ವರ್ಷ – ಗೆರೆ ಎತ್ತ ಹೋಗುತ್ತಿದೆ?

ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದೇ ಮುಖ್ಯ. ನಮ್ಮ ಮನೆಗಳಲ್ಲಿ ತಪ್ಪು ನಡೆಯುವುದೂ ಇಲ್ಲೇ.

ಮಗು ಮೊದಲ ವರ್ಷ ದುಂಡಗಾಗುತ್ತದೆ. ಆಮೇಲೆ ಓಡಾಡಲು ಶುರುಮಾಡಿ, ಎತ್ತರ ಬೆಳೆದು, ತೆಳ್ಳಗಾಗುತ್ತಾ ಬರುತ್ತದೆ. ಐದಾರು ವರ್ಷದ ಹೊತ್ತಿಗೆ ಅತಿ ತೆಳ್ಳಗೆ ಕಾಣುತ್ತದೆ, ಆಮೇಲೆ ಮತ್ತೆ ಮೈ ತುಂಬಿಕೊಳ್ಳುತ್ತದೆ. ಇದು ಸಹಜ ಬೆಳವಣಿಗೆ. ಆದರೆ ನಾಲ್ಕೈದು ವರ್ಷದ ಮಗುವಿನ ಪಕ್ಕೆಲುಬು ಕಂಡ ತಕ್ಷಣ ಅಜ್ಜಿಗೆ ಗಾಬರಿ. "ಎಷ್ಟು ಸೊರಗಿದೆ ನೋಡು!" ಅಲ್ಲಿಂದ ಶುರು. ಹಾಲಿಗೆ ಚಾಕೊಲೇಟ್ ಪುಡಿ, ಮಧ್ಯೆ ಮಧ್ಯೆ ಬಿಸ್ಕತ್ತು, ಕೈಗೆ ಮೊಬೈಲ್ ಕೊಟ್ಟು ಬಾಯಿಗೆ ತುರುಕುವ ಅನ್ನ. ಹಾಗಾಗಿ ಆರಕ್ಕೆ ತುಂಬಬೇಕಾದ ಮೈ ಮೂರೂವರೆ ನಾಲ್ಕಕ್ಕೇ ತುಂಬಲು ಶುರುವಾಗುತ್ತದೆ. ಮನೆಯವರಿಗೆಲ್ಲ ಸಂತೋಷ.

ದೆಹಲಿಯಲ್ಲಿ ಹುಟ್ಟಿದಾಗಿನಿಂದ ಗಮನಿಸುತ್ತಾ ಬಂದ ಸುಮಾರು 1500 ಜನರ ಅಧ್ಯಯನ 2004ರಲ್ಲಿ ಬಂತು. ಆಗ ಅವರಿಗೆ 26ರಿಂದ 32 ವರ್ಷ. ಅವರಲ್ಲಿ ಸಕ್ಕರೆ ಕಾಯಿಲೆ ಅಥವಾ ಅದರ ಹೊಸ್ತಿಲಲ್ಲಿ ಇದ್ದವರ ಬಾಲ್ಯದ ದಾಖಲೆ ತೆಗೆದು ನೋಡಿದರೆ: ಎರಡು ವರ್ಷದ ತನಕ ತೆಳ್ಳಗಿದ್ದರು, ಆಮೇಲೆ ಬೇಗ ಮೈ ತುಂಬಿಕೊಂಡಿತ್ತು, ಅಲ್ಲಿಂದ ಏರುತ್ತಲೇ ಹೋಗಿತ್ತು. 12ನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನವರು ಅನ್ನಿಸಿಕೊಳ್ಳುವ ಮಟ್ಟಕ್ಕೆ ಬಂದಿರಲಿಲ್ಲ. ಅವರನ್ನು ಕೆಡಿಸಿದ್ದು ತೂಕದ ಏರಿಕೆಯ ವೇಗ.

ನೀವು ಮಾಡಬೇಕಾದ್ದು ಇಷ್ಟು. ಆರು ತಿಂಗಳಿಗೊಮ್ಮೆ ಎತ್ತರ, ತೂಕ ಎರಡನ್ನೂ ಬರೆದಿಡಿ. ಎತ್ತರ ಬಿಟ್ಟು ತೂಕ ಮಾತ್ರ ಬರೆದರೆ ಉಪಯೋಗ ಇಲ್ಲ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಂಕಿ ಸಿಗುತ್ತದೆ. 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಮಾಡಿದ ಚಾರ್ಟ್ ಇದೆ, ಮಕ್ಕಳ ಡಾಕ್ಟರ ಹತ್ತಿರ ಸಿಗುತ್ತದೆ. ಅದರಲ್ಲಿ ದೊಡ್ಡವರ ಬಿಎಂಐ 23ಕ್ಕೆ ಸಮನಾದ ಗೆರೆ ಒಂದು, 27ಕ್ಕೆ ಸಮನಾದ ಗೆರೆ ಒಂದು. 23ರ ಗೆರೆ ಮುಟ್ಟಿದರೆ ತೂಕ ಜಾಸ್ತಿ, 27ರದ್ದು ಮುಟ್ಟಿದರೆ ಬೊಜ್ಜು. ಆದರೆ ಗೆರೆ ಮುಟ್ಟುವ ತನಕ ಕಾಯಬೇಡಿ. ವರ್ಷದಿಂದ ವರ್ಷಕ್ಕೆ ಕೆಳಗಿನ ಗೆರೆಗಳಿಂದ ಮೇಲಿನ ಗೆರೆಗಳಿಗೆ ಹತ್ತುತ್ತಿದ್ದರೆ ಆಗಲೇ ಮಾತಾಡಿ.

ಒಂದು ಎಚ್ಚರಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಬ್ಬರಿಗಿಂತ ಜಾಸ್ತಿ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಹಾಗಾಗಿ "ಊಟ ಕಡಿಮೆ ಕೊಡಿ" ಅನ್ನುವ ಲೇಖನ ಇದಲ್ಲ. ಎತ್ತರ ಬೆಳೆಸುವ ಊಟ ಬೇಕು: ಬೇಳೆ, ಕಾಳು, ಮೊಟ್ಟೆ, ಹಾಲು, ಮೀನು. ಬಿಸ್ಕತ್ತು ಮತ್ತು ಸಿಹಿ ಪುಡಿಯಿಂದ ಏರುವುದು ತೂಕ ಮಾತ್ರ.

ಇನ್ನೊಂದು ಸುಳಿವು: ಸುಮ್ನೆ ಜಾಸ್ತಿ ತಿಂದು ದಪ್ಪಗಾದ ಮಗು ಸಾಮಾನ್ಯವಾಗಿ ವಯಸ್ಸಿಗಿಂತ ಎತ್ತರವೇ ಇರುತ್ತದೆ. ತೂಕ ಏರುತ್ತಿದೆ, ಎತ್ತರ ಮಾತ್ರ ನಿಂತುಬಿಟ್ಟಿದೆ ಅಂದರೆ ಥೈರಾಯ್ಡ್ ಅಥವಾ ಬೇರೆ ಹಾರ್ಮೋನ್ ತೊಂದರೆ ಇರಬಹುದು. ತಡ ಮಾಡದೆ ತೋರಿಸಿ.

ಹಂತ 3: ಟೇಲರ್ ಟೇಪು

ಆರು ವರ್ಷ ದಾಟಿದ ಮೇಲೆ ಇದರಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಮಗುವನ್ನು ನೇರ ನಿಲ್ಲಿಸಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ಮಧ್ಯದಲ್ಲಿ, ಬಟ್ಟೆ ಸರಿಸಿ, ಉಸಿರು ಬಿಟ್ಟಾಗ ಸುತ್ತಳತೆ ತೆಗೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಲೆಕ್ಕಕ್ಕಿಲ್ಲ. ಬಂದ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 140 ಸೆಂ.ಮೀ. ಎತ್ತರದ ಹುಡುಗಿಗೆ 70ರ ಒಳಗೆ. ಅಷ್ಟೇ.

ಹಂತ 4: ಕುತ್ತಿಗೆ

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಗಾಗಿ, ದಪ್ಪಗಾಗಿ, ಮುಟ್ಟಿದರೆ ಮಖಮಲ್ ತರಹ ಅನ್ನಿಸುತ್ತಿದೆಯಾ? ಎಷ್ಟೋ ಮನೆಗಳಲ್ಲಿ ಇದನ್ನು ಕೊಳೆ ಅಂತಲೇ ತಿಳಿದು ಕಡಲೆಹಿಟ್ಟು, ನಿಂಬೆ ಸಿಪ್ಪೆ ಹಾಕಿ ಉಜ್ಜುತ್ತಾರೆ, "ಸರಿಯಾಗಿ ಸ್ನಾನ ಮಾಡಲ್ಲ" ಅಂತ ಬೈಯುತ್ತಾರೆ. ಪಾಪ, ಮಗುವಿನ ತಪ್ಪೇನೂ ಇಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾದಾಗ ಚರ್ಮ ಹೀಗೆ ಬೆಳೆಯುತ್ತದೆ. ಶುಗರ್ ರಿಪೋರ್ಟ್ ಕೆಡುವುದಕ್ಕೆ ವರ್ಷಗಳ ಮೊದಲೇ ಕಾಣಿಸಬಹುದು. ಉಜ್ಜುವುದು ಬಿಟ್ಟು ಡಾಕ್ಟರಿಗೆ ತೋರಿಸಿ. ಒಳಗಿನ ತೊಂದರೆ ಇಳಿದರೆ ಕಪ್ಪೂ ನಿಧಾನವಾಗಿ ತಿಳಿಯಾಗುತ್ತದೆ.

ಹಂತ 5: ಮೈ ನೆರೆಯುವ ಹೊತ್ತು

ಹದಿಹರೆಯಕ್ಕೆ ಕಾಲಿಟ್ಟಾಗ ಎಲ್ಲ ಮಕ್ಕಳಲ್ಲೂ ಇನ್ಸುಲಿನ್ ಕೆಲಸ ಸ್ವಲ್ಪ ದಿನ ಮಂದವಾಗುತ್ತದೆ. ಬೆಳವಣಿಗೆಯ ಹಾರ್ಮೋನಿನ ಆಟ ಅದು. ಆರೋಗ್ಯವಾಗಿರುವ ಮಗು ಅದನ್ನು ದಾಟಿಕೊಂಡು ಹೋಗುತ್ತದೆ. ಮೊದಲೇ ಹೊಟ್ಟೆಯಲ್ಲಿ ಕೊಬ್ಬು ಕೂತಿದ್ದ ಮಗುವಿಗೆ ಇದು ಎರಡನೇ ಹೊರೆ. ಹೀಗೆ ಇನ್ಸುಲಿನ್ ಕೆಲಸ ಕೆಟ್ಟು ಬರುವ ಟೈಪ್ 2 ಸಕ್ಕರೆ ಕಾಯಿಲೆ ಮಕ್ಕಳಲ್ಲಿ ಬಹುಮಟ್ಟಿಗೆ ಈ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ಇದಕ್ಕೇ.

ಹುಡುಗಿಯರಲ್ಲಿ ಮುಟ್ಟಿನ ಕಡೆ ಗಮನ ಇರಲಿ. ಮೊದಲ ವರ್ಷ ಹಿಂದೆಮುಂದೆ ಆಗುವುದು ಮಾಮೂಲು. ಮೂರು ವರ್ಷ ಕಳೆದ ಮೇಲೂ 35 ದಿನಕ್ಕಿಂತ ತಡವಾಗುತ್ತಿದ್ದರೆ, ಮುಖದಲ್ಲಿ ಕೂದಲು, ಜಾಸ್ತಿ ಮೊಡವೆ ಇದ್ದರೆ ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆಯಾ ಅಂತ ನೋಡಿಸಿ. ಅದರ ಹಿಂದೆಯೂ ಇನ್ಸುಲಿನ್ ತೊಂದರೆ ಇರುವುದು ಜಾಸ್ತಿ.

ಈ ವಯಸ್ಸಿಗೆ ಬರುವ ಮೊದಲೇ ಸರಿ ಮಾಡಿಕೊಂಡರೆ ಎಷ್ಟು ಲಾಭ ಅನ್ನುವುದಕ್ಕೆ ಡೆನ್ಮಾರ್ಕ್‌ನ 62 ಸಾವಿರಕ್ಕೂ ಹೆಚ್ಚು ಗಂಡಸರ ದಾಖಲೆ ಇದೆ, 2018ರಲ್ಲಿ ಬಂದದ್ದು. ಏಳನೇ ವಯಸ್ಸಿನಲ್ಲಿ ತೂಕ ಜಾಸ್ತಿ ಇದ್ದು, 13ರೊಳಗೆ ಇಳಿಸಿಕೊಂಡ ಹುಡುಗರಿಗೆ ಮುಂದೆ ಟೈಪ್ 2 ಬರುವ ಅಪಾಯ ಎಂದೂ ದಪ್ಪ ಇಲ್ಲದವರಷ್ಟೇ ಇತ್ತು. ಹದಿಹರೆಯದಲ್ಲೂ ಹಾಗೇ ಉಳಿದವರಿಗೆ ಅಪಾಯ ಉಳಿಯಿತು, ಆಮೇಲೆ ಇಳಿಸಿಕೊಂಡರೆ ಸ್ವಲ್ಪ ಮಾತ್ರ ಕಡಿಮೆಯಾಯಿತು. ಎಸ್ಸೆಸ್ಸೆಲ್ಸಿ ಮುಗೀಲಿ, ಪಿಯುಸಿ ಮುಗೀಲಿ ಅಂತ ಮುಂದೂಡುವವರು ಇದನ್ನು ನೆನಪಿಡಿ.

ಹಂತ 6: ಟೆಸ್ಟ್ ಮಾಡಿಸುವುದು, ರಿಪೋರ್ಟ್ ಓದುವುದು

ಎಲ್ಲ ಮಕ್ಕಳಿಗೂ ರಕ್ತ ಪರೀಕ್ಷೆ ಬೇಡ. ತೂಕ ಅಥವಾ ಹೊಟ್ಟೆ ಸುತ್ತಳತೆ ಜಾಸ್ತಿ ಇದ್ದು, ಜೊತೆಗೆ ಮನೆಯಲ್ಲಿ ಶುಗರ್ ಇದ್ದರೆ, ತಾಯಿಗೆ ಬಸುರಿಯಲ್ಲಿ ಶುಗರ್ ಬಂದಿದ್ದರೆ, ಕುತ್ತಿಗೆ ಕಪ್ಪಾಗಿದ್ದರೆ – ಹತ್ತು ವರ್ಷಕ್ಕೆ ಅಥವಾ ಮೈ ನೆರೆಯಲು ಶುರುವಾದಾಗ, ಯಾವುದು ಮೊದಲೋ ಆಗ ಮಾಡಿಸಿ. ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಮತ್ತು ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಲೆಕ್ಕ), ಜೊತೆಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ಮತ್ತು ಲಿವರ್ ಹೇಗಿದೆ ಅಂತ ತೋರಿಸುವ ಎಎಲ್‌ಟಿ. ಬಿಪಿಯನ್ನು ಮಗುವಿನ ತೋಳಿನ ಅಳತೆಗೆ ತಕ್ಕ ಪಟ್ಟಿ ಕಟ್ಟಿಯೇ ನೋಡಬೇಕು. ತೋಳಿಗೆ ಚಿಕ್ಕದಾದ ಪಟ್ಟಿ ಕಟ್ಟಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ.

ರಿಪೋರ್ಟಿನಲ್ಲಿ ಒಂದು ಮೋಸ ಇದೆ. ಪಕ್ಕದಲ್ಲಿ ಅಚ್ಚಾಗಿರುವ "ನಾರ್ಮಲ್" ಅಂಕಿ ಬಹುತೇಕ ದೊಡ್ಡವರದ್ದು. ಟ್ರೈಗ್ಲಿಸರೈಡ್ 150ರ ತನಕ ಸರಿ ಅಂತ ಬರೆದಿರುತ್ತಾರೆ. ಆದರೆ 10–19 ವರ್ಷದವರಿಗೆ 130, ಅದಕ್ಕಿಂತ ಚಿಕ್ಕವರಿಗೆ 100 ಮುಟ್ಟಿದರೇ ಜಾಸ್ತಿ ಅಂತ ಲೆಕ್ಕ. ಎಎಲ್‌ಟಿ 40ರ ಸುಮಾರಿಗೆ ಬಂದರೂ ಗುರುತು ಹಾಕಿರುವುದಿಲ್ಲ. ಹುಡುಗರಿಗೆ 26, ಹುಡುಗಿಯರಿಗೆ 22 ದಾಟಿದರೆ ಫ್ಯಾಟಿ ಲಿವರ್ ಇರಬಹುದಾ ಅಂತ ಡಾಕ್ಟರನ್ನು ಕೇಳಬೇಕು. ಎಚ್‌ಡಿಎಲ್ 40ಕ್ಕಿಂತ ಕಡಿಮೆ ಇರಬಾರದು. ಖಾಲಿ ಹೊಟ್ಟೆಯ ಶುಗರ್ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಹೊಸ್ತಿಲು. 13 ದಾಟಿದವರಿಗೆ ಬಿಪಿ 120/80ರ ಒಳಗಿರಬೇಕು. ಅದಕ್ಕಿಂತ ಚಿಕ್ಕವರಿಗೆ ವಯಸ್ಸು, ಎತ್ತರ ನೋಡಿ ಡಾಕ್ಟರೇ ಹೇಳಬೇಕು.

ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ 2007ರಲ್ಲಿ ಮಕ್ಕಳಿಗೆ ಅಂತ ಒಂದು ನಿಯಮ ಮಾಡಿತು. ಹೊಟ್ಟೆಯ ಸುತ್ತಳತೆ ಜಾಸ್ತಿ ಇದ್ದು, ಉಳಿದ ನಾಲ್ಕರಲ್ಲಿ ಎರಡು ಕೆಟ್ಟಿದ್ದರೆ ಮೆಟಬಾಲಿಕ್ ಸಿಂಡ್ರೋಮ್. ಹತ್ತು ವರ್ಷದೊಳಗಿನವರಿಗೆ ಈ ಹೆಸರು ಹಚ್ಚುವ ಹಾಗಿಲ್ಲ. ನನಗಂತೂ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ದಂಡ ಅನ್ನಿಸುತ್ತದೆ. ಈ ವರ್ಷ ಹೆಸರು ಹಚ್ಚಿಸಿಕೊಂಡ ಎಷ್ಟೋ ಮಕ್ಕಳು ಎರಡು ಮೂರು ವರ್ಷದಲ್ಲಿ ಆಚೆ ಬರುತ್ತಾರೆ, ಹೊರಗಿದ್ದವರು ಒಳಗೆ ಹೋಗುತ್ತಾರೆ. ಒಂದೇ ಒಂದು ಕೆಟ್ಟಿದ್ದರೂ ಕೆಲಸ ಶುರು ಮಾಡಿ.

ಹಂತ 7: ಮನೆಯಲ್ಲಿ ಏನು ಬದಲಿಸಬೇಕು

ಮಗುವಿಗೊಂದು ಅಡುಗೆ, ಮನೆಯವರಿಗೊಂದು ಅಡುಗೆ – ಇದು ಮಾತ್ರ ಬೇಡ. ಅಪ್ಪ ಬೋಂಡಾ ತಿನ್ನುತ್ತಾ ಮಗಳಿಗೆ ಸೌತೆಕಾಯಿ ಕೊಟ್ಟರೆ ನಡೆಯುತ್ತಾ? "ಡುಮ್ಮಿ" ಅಂತ ರೇಗಿಸುವುದನ್ನೂ ನಿಲ್ಲಿಸಿ. ಹಾಗೆ ರೇಗಿಸಿಕೊಂಡ ಮಕ್ಕಳು ಕದ್ದು ತಿನ್ನುತ್ತಾರೆ, ಆಟಕ್ಕೆ ಹೋಗಲು ನಾಚುತ್ತಾರೆ.

ಮೊದಲು ಕುಡಿಯುವುದನ್ನು ಸರಿಮಾಡಿ. ಮಕ್ಕಳಿಗೆ ದಿನಕ್ಕೆ ಹೊರಗಿನಿಂದ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿರಲಿ ಅನ್ನುತ್ತಾರೆ. 250 ಎಂಎಲ್ ಕೋಲಾ ಕುಡಿದರೆ ಅಲ್ಲಿಗೇ ಆ ಲೆಕ್ಕ ಮುಗಿಯುತ್ತದೆ. ಪ್ಯಾಕೆಟ್ ಜ್ಯೂಸ್ ಕೂಡ ಒಳ್ಳೆಯದೇನಲ್ಲ. ನೀರು, ಮಜ್ಜಿಗೆ, ಸಕ್ಕರೆ ಹಾಕದ ಹಾಲು ಸಾಕು.

ತಟ್ಟೆಯ ವಿಷಯದಲ್ಲಿ ನಮ್ಮ ಕಷ್ಟ ಇದು: ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಡಬ್ಬಿಗೂ ಅದೇ, ಸಂಜೆ ಬೇಕರಿ ಬನ್ನು, ರಾತ್ರಿ ಅನ್ನ ಸಾರು. ಇಡೀ ದಿನ ಬರೀ ಪಿಷ್ಟ. ಅನ್ನ ಬಿಡಬೇಕಾಗಿಲ್ಲ. ಒಂದು ಸೌಟು ಕಡಿಮೆ ಮಾಡಿ, ಆ ಜಾಗಕ್ಕೆ ಕಾಳಿನ ಪಲ್ಯ, ಮೊಟ್ಟೆ, ದಪ್ಪ ಬೇಳೆಯ ಹುಳಿ, ಸೊಪ್ಪು ಬರಲಿ. ಸಂಜೆಗೆ ಕಡಲೆ ಉಸಲಿ, ಹೆಸರುಬೇಳೆ ಕೋಸಂಬರಿ, ಬೇಯಿಸಿದ ಕಡಲೆಕಾಯಿ. ರಾಗಿ ತಿಂದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆಯೊಂದಿದೆ. ಬಸ್ಸಾರು, ಕಾಳಿನ ಜೊತೆ ಮುದ್ದೆ ಒಳ್ಳೆಯದೇ. ಬೆಲ್ಲ ಸುರಿದ ನುಣ್ಣನೆಯ ರಾಗಿ ಮಾಲ್ಟ್ ದಿನಾ ಎರಡು ಲೋಟ ಕುಡಿಸಿದರೆ ಮಾತ್ರ ಅದು ಬರೀ ಸಿಹಿ ಪಾನೀಯವೇ.

ಆಟ ದಿನಕ್ಕೆ 60 ನಿಮಿಷ, ಉಸಿರು ಏರುವ ಹಾಗೆ. ಒಟ್ಟಿಗೇ ಆಗಬೇಕೆಂದಿಲ್ಲ. ಓಡುವಾಗ, ಹಾರುವಾಗ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೇ ಸಕ್ಕರೆ ಎಳೆದುಕೊಳ್ಳುತ್ತದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ಲಾಭ ಇದೆ. ಖೋಖೋ, ಕಬಡ್ಡಿ, ಸೈಕಲ್, ಸ್ಕಿಪ್ಪಿಂಗ್, ಯಾವುದಾದರೂ ಸರಿ. ಪಿಟಿ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಯಾದರೆ ಪೋಷಕರ ಸಭೆಯಲ್ಲಿ ಎದ್ದು ಕೇಳಿ. ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಉಪ್ಪು, ಸಕ್ಕರೆ, ಕೊಬ್ಬು ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮ ಇದೆ. ಅದನ್ನೂ ಅಲ್ಲೇ ಕೇಳಬಹುದು.

ನಿದ್ದೆ: 6ರಿಂದ 12 ವರ್ಷದ ತನಕ 9ರಿಂದ 12 ಗಂಟೆ, ಆಮೇಲೆ 8ರಿಂದ 10. ಬೆಳಿಗ್ಗೆ ಐದಕ್ಕೆ ಟ್ಯೂಷನ್, ರಾತ್ರಿ ಹನ್ನೊಂದಕ್ಕೆ ಮೊಬೈಲ್ ಇದ್ದರೆ ಈ ಲೆಕ್ಕ ಎಲ್ಲಿಂದ ಬರಬೇಕು? ನಿದ್ದೆ ಕೆಟ್ಟರೆ ಹಸಿವಿನ ಹಾರ್ಮೋನೂ ಇನ್ಸುಲಿನ್ನೂ ಎರಡೂ ಕೆಡುತ್ತವೆ. ರಾತ್ರಿ ಜೋರಾಗಿ ಗೊರಕೆ ಹೊಡೆದು, ಹಗಲು ತೂಕಡಿಸುವ ಮಗುವಾದರೆ ಅದನ್ನೂ ಡಾಕ್ಟರಿಗೆ ಹೇಳಿ.

ಬೆಳೆಯುವ ಮಗುವಿಗೆ ತೂಕ ಇಳಿಸುವ ಡಯಟ್ ಸಾಮಾನ್ಯವಾಗಿ ಬೇಡ. ತೂಕ ಈಗಿರುವಲ್ಲೇ ನಿಂತು ಎತ್ತರ ಬೆಳೆದರೆ ಗೆರೆ ತಾನಾಗಿಯೇ ಕೆಳಗೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ಟೇಪು ಹಿಡಿಯಿರಿ, ದಿನಾ ತೂಕ ನೋಡುವುದು ಬೇಡ.

ಡಾಕ್ಟರ ಹತ್ತಿರ ಹೋಗುವಾಗ

ಎತ್ತರ, ತೂಕ, ಸುತ್ತಳತೆ ಬರೆದ ಹಾಳೆ, ತಾಯಿ ಕಾರ್ಡ್, ಮನೆಯಲ್ಲಿ ಯಾರಿಗೆ ಯಾವ ವಯಸ್ಸಿಗೆ ಶುಗರ್, ಬಿಪಿ, ಹಾರ್ಟ್ ತೊಂದರೆ ಬಂತು ಅನ್ನುವ ವಿವರ, ಮಗು ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ – ಮುಖ್ಯವಾಗಿ ಸ್ಟೀರಾಯ್ಡ್ ಇದ್ದರೆ – ಜೊತೆಗಿರಲಿ. ಟೈಪ್ 2 ಬಂದೇ ಬಿಟ್ಟಿದ್ದರೆ ಹತ್ತು ವರ್ಷ ಮೇಲ್ಪಟ್ಟವರಿಗೆ ಮೆಟ್‌ಫಾರ್ಮಿನ್ ಕೊಡುತ್ತಾರೆ. ಅಜ್ಜನ ಡಬ್ಬಿಯಲ್ಲಿ ಅದೇ ಮಾತ್ರೆ ಇದೆ ಅಂತ ನೀವಾಗಿಯೇ ಕೊಡಬೇಡಿ.

ಇಷ್ಟೆಲ್ಲ ನಿಧಾನದ ಕೆಲಸ, ಅಪಾಯಿಂಟ್‌ಮೆಂಟ್ ಸಿಗುವ ತನಕ ಕಾಯಬಹುದು. ಕಾಯಬಾರದ್ದು ಒಂದೇ ಸಂದರ್ಭದಲ್ಲಿ: ಮಗುವಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಕೆಲವೇ ದಿನಗಳಲ್ಲಿ ತೂಕ ಇಳಿದು, ಹೊಟ್ಟೆನೋವು, ವಾಂತಿ, ಏದುಸಿರು ಶುರುವಾಗಿದ್ದರೆ ಅದು ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದೆ ಬರುವ ಬೇರೆ ಬಗೆಯ ಸಕ್ಕರೆ ಕಾಯಿಲೆಯ ತುರ್ತು ಸ್ಥಿತಿ ಇರಬಹುದು. ಮಗು ದಪ್ಪ ಇರಲಿ, ತೆಳ್ಳಗಿರಲಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಹೋದ ಕೂಡಲೇ ಬೆರಳು ಚುಚ್ಚಿ ಶುಗರ್ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ.